ಆಸುಸ್ ಈ-ಪಿಸಿ 701: ಕನ್ನಡ ಬರೆಯುವವರು ಈಗಲೂ ಕೊಳ್ಳಬಹುದಾದ ಕಿರು ಲ್ಯಾಪ್‌ಟಾಪ್

ಏಳು ಇಂಚಿನ ಪರದೆ, 630 ಮೆಗಾಹರ್ಟ್ಸ್ ವೇಗದಲ್ಲಿ ಓಡುವ ಪ್ರೊಸೆಸರ್ ಮತ್ತು ಬರೀ 4 ಗಿಗಾಬೈಟ್ ಸಂಗ್ರಹವಿರುವ ಕಂಪ್ಯೂಟರನ್ನು ಇಂದು ಹಣ ಕೊಟ್ಟು ಕೊಳ್ಳಬೇಕೇ ಎಂದು ಯಾರಾದರೂ ಕೇಳಿದರೆ, ಕೇಳಿದವರು ಕನ್ನಡದಲ್ಲಿ ಬರೆಯುವವರಾಗಿದ್ದು ಸ್ಕ್ರೂಡ್ರೈವರ್ ಹಿಡಿಯಲು ಅಂಜದವರಾಗಿದ್ದರೆ, ಕೊಳ್ಳಿರಿ ಎಂದೇ ನಾನು ಹೇಳುತ್ತೇನೆ. ಆಸುಸ್ ಕಂಪನಿಯ ಈ-ಪಿಸಿ 701 ಹೊಸದಾಗಿ ಸಿಗುವ ಕಾಲ ಎಂದೋ ಮುಗಿದಿದೆ. ಹುಬ್ಬಳ್ಳಿಯಲ್ಲಿ ಹಳೆಯ ಲ್ಯಾಪ್‌ಟಾಪ್ ಮಾರುವ ಅಂಗಡಿಯೊಂದರ ಬಿಡಿಭಾಗಗಳ ರಾಶಿಯಲ್ಲಿ ಸಿಕ್ಕ ಇದರ 4ಜಿ ಮಾದರಿಯನ್ನು ಧಾರವಾಡದ ಮನೆಯಲ್ಲಿಯೂ ಓಡಾಟದಲ್ಲಿಯೂ ದಿನನಿತ್ಯದ ಬರವಣಿಗೆಗೆ ಬಳಸುತ್ತಿದ್ದೇನೆ. 4ಜಿ ಎಂಬುದಕ್ಕೂ ಮೊಬೈಲ್ ಜಾಲಕ್ಕೂ ಸಂಬಂಧವಿಲ್ಲ, ಅದು ಒಳಗಿನ ಸಂಗ್ರಹದ ಗಾತ್ರ. ಯಂತ್ರದ ಗುಣದೋಷಗಳ ಜೊತೆಗೆ ಅದನ್ನು ಬಿಚ್ಚಿ ತಿದ್ದಿದ ಹವ್ಯಾಸಿಗಳ ಕೆಲಸವನ್ನೂ ಇಲ್ಲಿ ಪರಿಶೀಲಿಸಿದ್ದೇನೆ, ಏಕೆಂದರೆ ಅವರ ದುಡಿಮೆಯನ್ನು ಕಳೆದರೆ ಈ ಯಂತ್ರದಲ್ಲಿ ಇಂದು ಕೊಳ್ಳುವಂಥದ್ದು ಹೆಚ್ಚೇನೂ ಉಳಿಯುವುದಿಲ್ಲ.

701 ಬಂದಾಗ ಅಷ್ಟು ಸುದ್ದಿಯಾದದ್ದು ಅದರ ಬೆಲೆಯಿಂದ. 1996ರಲ್ಲಿ ತೋಷಿಬಾ ಕಂಪನಿ ಜಪಾನಿನಲ್ಲಿ ಹೊರತಂದ ಲಿಬ್ರೆಟ್ಟೊ 20, 6.1 ಇಂಚಿನ ಪರದೆಯೊಂದಿಗೆ ಒಂದು ಕಿಲೊಗ್ರಾಂಗಿಂತ ಕಡಿಮೆ ತೂಕದಲ್ಲಿ ವಿಂಡೋಸ್ 95 ನಡೆಸುತ್ತಿತ್ತು. ಅಲ್ಲಿಂದ ಮುಂದೆ ಹತ್ತು ವರ್ಷ, ಚಿಕ್ಕದಾದಷ್ಟೂ ದುಬಾರಿ ಎಂಬುದು ಕಿರು ಲ್ಯಾಪ್‌ಟಾಪ್‌ಗಳ ಮಟ್ಟಿಗೆ ನಿಯಮದಂತೆಯೇ ನಡೆದುಬಂದಿತ್ತು. ಅಂಥ ಯಂತ್ರ ದೊಡ್ಡ ಹುದ್ದೆಯವರ ಚೀಲದಲ್ಲಿ ಕಾಣುತ್ತಿತ್ತೇ ಹೊರತು ವಿದ್ಯಾರ್ಥಿಯ ಕೈಗೆ ಎಟುಕುತ್ತಿರಲಿಲ್ಲ. 2007ರ ಜೂನ್‌ನಲ್ಲಿ ತೈಪೆಯ ಕಂಪ್ಯೂಟೆಕ್ಸ್ ಮೇಳದಲ್ಲಿ ಆಸುಸ್ ಕಂಪನಿ 199 ಡಾಲರ್‌ನಿಂದ ಬೆಲೆ ಆರಂಭ ಎಂದು ಸಾರಿತು. ಕೊನೆಗೆ ಅಮೆರಿಕದಲ್ಲಿ 4ಜಿ ಮಾದರಿ 399 ಡಾಲರ್‌ಗೆ ಬಂದರೂ, ಆ ಗಾತ್ರದ ಲ್ಯಾಪ್‌ಟಾಪ್‌ಗೆ ಅದು ಆಗಿನ ಮಟ್ಟಿಗೆ ತೀರ ಕಡಿಮೆ ಬೆಲೆ. ಮರುವರ್ಷ ಇಂಟೆಲ್‌ನ ಆಟಮ್ ಪ್ರೊಸೆಸರ್ ಬಂದು ನೆಟ್‌ಬುಕ್ ಎಂಬ ವರ್ಗವೇ ಬೆಳೆಯಿತು, ಟ್ಯಾಬ್ಲೆಟ್‌ಗಳು ಬಂದ ಮೇಲೆ ಅಷ್ಟೇ ಬೇಗ ಕರಗಿತು.

701ರ ತೂಕ 920 ಗ್ರಾಂ, ಅಗಲ 225 ಮಿಲಿಮೀಟರ್. ಹುಬ್ಬಳ್ಳಿ-ಧಾರವಾಡದ ನಡುವೆ ಓಡುವ ಚಿಗರಿ ಬಸ್ಸಿನಲ್ಲಿ ಕುಳಿತು ಪಕ್ಕದವರ ಮೊಣಕೈಗೆ ತಾಗದಂತೆ ತೊಡೆಯ ಮೇಲಿಟ್ಟುಕೊಂಡು ಬರೆಯಬಹುದಾದ ಕಂಪ್ಯೂಟರ್ ಇದಲ್ಲದೆ ಬೇರೊಂದನ್ನು ನಾನು ಕಂಡಿಲ್ಲ. ತಿರುಗುವ ಹಾರ್ಡ್ ಡಿಸ್ಕ್ ಇಲ್ಲವಾದ್ದರಿಂದ ಬಸ್ಸು ಕುಲುಕಿದಾಗ ಬರೆದದ್ದು ಹಾಳಾದೀತೆಂಬ ಭಯವೂ ಇಲ್ಲ. ಪರದೆಯ ಎರಡೂ ಬದಿಗೆ ಸ್ಪೀಕರ್‌ಗಳನ್ನು ಕೂರಿಸಿರುವುದರಿಂದ ಮುಚ್ಚಳದ ಅಗಲದಲ್ಲಿ ದೊಡ್ಡ ಪಾಲು ಪರದೆಗೆ ಸಿಗದೆ ಹೋಗಿದೆ. ಬರೆಯುವವರಿಗೆ ಇದು ನಷ್ಟದ ವ್ಯಾಪಾರ, ಆದರೂ ಸಾಲಿನ ಉದ್ದ ಕಡಿಮೆಯಾಗಿ ಕಣ್ಣು ಅತ್ತಿಂದಿತ್ತ ಅಲೆಯುವುದು ತಪ್ಪುತ್ತದೆ ಎಂಬುದನ್ನೂ ಹೇಳಬೇಕು.

ಕೀಬೋರ್ಡಿನ ವಿಷಯಕ್ಕೆ ಹೆಚ್ಚು ಜಾಗ ಕೊಡುತ್ತೇನೆ, ಏಕೆಂದರೆ ಕನ್ನಡಿಗರಿಗೆ ಇದರ ಕಷ್ಟ ಇಂಗ್ಲಿಷ್ ಬರೆಯುವವರಿಗಿಂತ ಬೇರೆ ರೀತಿಯದು. ಕೀಲಿಗಳು ಚಿಕ್ಕವು, ದಪ್ಪ ಬೆರಳಿನವರಿಗೆ ಮೊದಮೊದಲು ಒಂದರ ಬದಲು ಎರಡು ಒತ್ತಿದಂತಾಗುತ್ತದೆ. ಅದು ಅಭ್ಯಾಸದಿಂದ ಸರಿಹೋಗುತ್ತದೆ. ಅಭ್ಯಾಸದಿಂದ ಸರಿಹೋಗದ ತೊಂದರೆ ಬಲಗಡೆಯ ಶಿಫ್ಟ್ ಕೀಲಿಯದು: ಅದನ್ನು ಮೇಲ್ಬಾಣದ ಕೀಲಿಯ ಆಚೆಗೆ, ತೀರ ಅಂಚಿನಲ್ಲಿ ಇಟ್ಟಿದ್ದಾರೆ. ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶದ ಮೂಲಕ ನಮ್ಮಲ್ಲಿ ಎಲ್ಲರ ಕೈಗೂ ರೂಢಿಯಾದ, ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸದಲ್ಲಿ ಮಹಾಪ್ರಾಣಕ್ಕೂ ದೀರ್ಘಸ್ವರಕ್ಕೂ ಶಿಫ್ಟ್ ಬೇಕು. ‘ಧಾರವಾಡ’ ಎಂದು ಬರೆಯಲು ಡಿ, ಎ, ಆರ್, ವಿ, ಎ, ಡಬ್ಲ್ಯು ಕೀಲಿಗಳನ್ನು ಕ್ರಮವಾಗಿ ಒತ್ತಬೇಕಾಗಿದ್ದು, ಅವುಗಳಲ್ಲಿ ಡಿ ಒಂದು ಸಲ, ಎ ಎರಡು ಸಲ ಶಿಫ್ಟಿನೊಂದಿಗೆ ಬರುತ್ತವೆ. ಇವೆಲ್ಲ ಎಡಗೈಯ ಕೀಲಿಗಳಾದ್ದರಿಂದ ಟೈಪಿಂಗ್ ಕಲಿತ ಕೈ ಮೂರು ಸಲವೂ ಬಲಗಡೆಯ ಶಿಫ್ಟನ್ನೇ ಹುಡುಕುತ್ತದೆ, ಬೆರಳಿಗೆ ಸಿಗುವುದು ಮೇಲ್ಬಾಣ. ಕರ್ಸರ್ ಒಂದು ಸಾಲು ಮೇಲಕ್ಕೆ ಜಿಗಿದು, ಊರಿನ ಹೆಸರಿನ ಅರ್ಧ ಭಾಗ ಹಿಂದಿನ ವಾಕ್ಯದ ನಡುವೆ ಹೋಗಿ ಕೂಡುತ್ತದೆ. ‘ಹುಬ್ಬಳ್ಳಿ’ ಬರೆಯುವಾಗ ಈ ತೊಂದರೆ ಇಲ್ಲ, ಅಲ್ಲಿ ಶಿಫ್ಟ್ ಬೇಕಾಗುವ ಎಲ್ ಬಲಗೈಯ ಕೀಲಿ.

ಹವ್ಯಾಸಿಗಳು ಬಲ ಶಿಫ್ಟ್ ಮತ್ತು ಮೇಲ್ಬಾಣ ಎಂಬ ಈ ಎರಡು ಕೀಲಿಗಳ ಕೆಲಸವನ್ನು ತಂತ್ರಾಂಶದಲ್ಲಿಯೇ ಅದಲುಬದಲು ಮಾಡುವ ಕ್ರಮವನ್ನು ಬಹಳ ಮೊದಲೇ ಕಂಡುಕೊಂಡಿದ್ದಾರೆ. ಅವರಲ್ಲಿ ಹೆಚ್ಚಿನವರು ಬಳಸಿದ್ದು, ವಿಂಡೋಸ್‌ನಂತೆ ಯಂತ್ರವನ್ನು ನಡೆಸುವ ಲಿನಕ್ಸ್ ಎಂಬ ಮುಕ್ತ ವ್ಯವಸ್ಥೆಯಲ್ಲಿನ ಎಕ್ಸ್‌ಮಾಡ್‌ಮ್ಯಾಪ್ ಎಂಬ ಸಾಧನ. ಆದರೆ ನಾವು ಐಬಸ್ ಎಂಬ, ಬರೆಯುವ ಭಾಷೆ ಬದಲಿಸುವ ತಂತ್ರಾಂಶದ ಮೂಲಕ ಕನ್ನಡಕ್ಕೂ ಇಂಗ್ಲಿಷಿಗೂ ಹೊರಳಾಡುತ್ತಿರುತ್ತೇವೆ, ಹಾಗೆ ಹೊರಳುವಾಗ ಎಕ್ಸ್‌ಮಾಡ್‌ಮ್ಯಾಪ್‌ನಲ್ಲಿ ಮಾಡಿದ ಬದಲಾವಣೆ ಅಳಿದುಹೋಗುವುದುಂಟು. ಆದ್ದರಿಂದ ಅದನ್ನು ಇನ್ನೂ ಕೆಳಗಿನ ಹಂತದಲ್ಲಿ, ಸಾಧನಗಳನ್ನು ಗುರುತಿಸುವ ಯುಡೆವ್ ಎಂಬ ಲಿನಕ್ಸ್ ಭಾಗದ ಹಾರ್ಡ್‌ವೇರ್ ಪಟ್ಟಿಯಲ್ಲಿ ಬರೆಯುವುದೇ ಒಳ್ಳೆಯದು. ಕೀಬೋರ್ಡ್ ಕಳಿಸುವ 36 ಎಂಬ ಸಂಕೇತ ಬಲ ಶಿಫ್ಟಿನದು, ಸಿ8 ಎಂಬುದು ಮೇಲ್ಬಾಣದ್ದು. ಇವೆರಡನ್ನು ಒಂದರ ಜಾಗದಲ್ಲಿ ಇನ್ನೊಂದು ಎಂದು ಬರೆದಿಟ್ಟರೆ ಭಾಷೆ ಯಾವುದಿದ್ದರೂ ಬದಲಾವಣೆ ನಿಲ್ಲುತ್ತದೆ. ಈ ಒಂದು ತಿದ್ದುಪಡಿ ಮಾಡುವವರೆಗೆ 701ರಲ್ಲಿ ಕನ್ನಡ ಬರೆಯುವುದನ್ನು ನಾನು ಯಾರಿಗೂ ಶಿಫಾರಸು ಮಾಡಲಾರೆ, ಮಾಡಿದ ಮೇಲೆ ಧೈರ್ಯವಾಗಿ ಮಾಡುತ್ತೇನೆ.

ಪರದೆ 800 ಅಡ್ಡ, 480 ಉದ್ದದ ಚುಕ್ಕಿಗಳದ್ದು. ಅಡ್ಡಳತೆ ಸಾಲುತ್ತದೆ, ಉದ್ದಳತೆ ಕನ್ನಡಕ್ಕೆ ಇಕ್ಕಟ್ಟು. ನಮ್ಮ ಸಾಲು ಮೇಲೆ ಗುಣಿತ ಚಿಹ್ನೆಗಳಿಗೆ, ಕೆಳಗೆ ಒತ್ತಕ್ಷರಗಳಿಗೆ ಜಾಗ ಬೇಡುತ್ತದೆ. ಅಕ್ಷರದ ಗಾತ್ರ ಇಳಿಸಿ ಹೆಚ್ಚು ಸಾಲು ತರಲು ಹೋದರೆ ‘ರಾಷ್ಟ್ರ’, ‘ಸ್ವಾತಂತ್ರ್ಯ’ದಂಥ ಪದಗಳ ಒತ್ತುಗಳು ಒಂದಕ್ಕೊಂದು ಅಂಟಿ ಕಪ್ಪು ಮುದ್ದೆಯಾಗುತ್ತವೆ. ಡೆಬಿಯನ್ ಎಂಬ ಲಿನಕ್ಸ್ ವಿತರಣೆಯಲ್ಲಿ ಸುಲಭವಾಗಿ ಸಿಗುವ ಗುಬ್ಬಿ, ನವಿಲು, ಲೋಹಿತ್ ಮತ್ತು ನೋಟೊ ಫಾಂಟ್‌ಗಳನ್ನು ಹೋಲಿಸಿ ನೋಡಿದಾಗ ನನ್ನ ಕಣ್ಣಿಗೆ ಗುಬ್ಬಿಯೇ ಹೆಚ್ಚು ಸ್ಪಷ್ಟವೆನಿಸಿತು. ಪರದೆಯ ಮೇಲಿನ ಪಟ್ಟಿ, ಕೆಳಗಿನ ಪಟ್ಟಿ, ಕಿಟಕಿಯ ಅಂಚು ಎಲ್ಲವನ್ನೂ ಅಡಗಿಸಿ ಬರೀ ಬರಹ ಕಾಣುವಂತೆ ಇಟ್ಟುಕೊಂಡರೆ ಒಂದು ಪ್ಯಾರಾ ಪೂರ್ತಿಯಾಗಿ ಕಣ್ಣ ಮುಂದಿರುತ್ತದೆ.

ಹಳೆಯ ಯಂತ್ರಗಳ ಬಗ್ಗೆ ಇಂಗ್ಲಿಷಿನಲ್ಲಿ ಬರೆಯುವ ಹವ್ಯಾಸಿಗಳು ಸಾಮಾನ್ಯವಾಗಿ ಕೊಡುವ ಒಂದು ಸಲಹೆ ನಮಗೆ ಒದಗುವುದಿಲ್ಲ. ಚಿತ್ರಮಯ ಪರದೆಯನ್ನೇ ಬಿಟ್ಟು, ಬರೀ ಅಕ್ಷರಗಳು ಕಾಣುವ ಕಪ್ಪು ಟರ್ಮಿನಲ್‌ನಲ್ಲಿ ಬರೆಯಿರಿ, ಆಗ ಎಂಥ ಹಳೆಯ ಯಂತ್ರವೂ ಹಗುರವಾಗಿ ಓಡುತ್ತದೆ ಎನ್ನುತ್ತಾರೆ. ಲಿನಕ್ಸ್‌ನ ಬರೀ ಕನ್ಸೋಲ್‌ನಲ್ಲಿ ಕನ್ನಡ ಅಕ್ಷರಗಳು ಕೂಡಿಕೊಳ್ಳುವುದಿಲ್ಲ, ಹೆಚ್ಚಿನ ಟರ್ಮಿನಲ್ ತಂತ್ರಾಂಶಗಳಲ್ಲಿ ಒತ್ತು ಒಂದು ಕಡೆ, ಗುಣಿತ ಇನ್ನೊಂದು ಕಡೆ ಬೀಳುತ್ತದೆ. ಹಾಗಾಗಿ ಕನ್ನಡ ಬರೆಯುವವರಿಗೆ ಚಿಕ್ಕದಾದರೂ ಒಂದು ಚಿತ್ರಮಯ ಪರಿಸರ ಬೇಕೇ ಬೇಕು, ಅದರ ಭಾರವನ್ನು ಈ ಯಂತ್ರ ಹೊರಬೇಕು. ಐಸ್‌ಡಬ್ಲ್ಯುಎಂ ಎಂಬ ಹಗುರ ವಿಂಡೋ ಮ್ಯಾನೇಜರ್ ಮತ್ತು ಫೆದರ್‌ಪ್ಯಾಡ್ ಎಂಬ ಸರಳ ಬರಹ ಸಂಪಾದಕವನ್ನು ಇಟ್ಟುಕೊಂಡರೆ ಅದು ಸಲೀಸಾಗಿ ಹೊರುತ್ತದೆ. ಬ್ರೌಸರ್ ತೆರೆದ ಕೂಡಲೇ ಏದುಸಿರು ಬಿಡುತ್ತದೆ. ಇಂದಿನ ಸುದ್ದಿತಾಣಗಳನ್ನು ಓದಲು, ವಿಡಿಯೊ ನೋಡಲು ಇದನ್ನು ಕೊಳ್ಳಬೇಡಿ.

ಇದರ ಪ್ರೊಸೆಸರ್ ಇಂಟೆಲ್‌ನ ಸೆಲೆರಾನ್ ಎಂ 353. ಅದು 900 ಮೆಗಾಹರ್ಟ್ಸ್‌ನಲ್ಲಿ ಓಡಬಲ್ಲದು. ಆದರೆ ಕಾರ್ಖಾನೆಯಲ್ಲಿಯೇ ಪ್ರೊಸೆಸರನ್ನು ಮೆಮೊರಿ ಮುಂತಾದ ಭಾಗಗಳಿಗೆ ಕೂಡಿಸುವ ಫ್ರಂಟ್ ಸೈಡ್ ಬಸ್‌ನ ವೇಗವನ್ನು 100 ಮೆಗಾಹರ್ಟ್ಸ್‌ನಿಂದ 70ಕ್ಕೆ ಇಳಿಸಿದ್ದರಿಂದ, ಒಂಬತ್ತರ ಗುಣಕದಲ್ಲಿ ಅದು 630 ಮೆಗಾಹರ್ಟ್ಸ್‌ಗೆ ನಿಂತಿದೆ. ಇದನ್ನು ಗುರುತಿಸಿದ ಹವ್ಯಾಸಿಗಳು ಈ ವೇಗವನ್ನು ನಿರ್ಧರಿಸುವ ಗಡಿಯಾರದ ಚಿಪ್‌ಗೆ ನೇರವಾಗಿ ಆದೇಶ ಕಳಿಸುವ, ಲಿನಕ್ಸ್‌ನ ತಿರುಳಾದ ಕರ್ನೆಲ್‌ಗೆ ಸೇರಿಸುವ ಮಾಡ್ಯೂಲ್ ಬರೆದರು. ಒಮ್ಮೆಗೇ 70ರಿಂದ 100ಕ್ಕೆ ಏರಿಸಿದರೆ ಯಂತ್ರ ಸ್ತಬ್ಧವಾಗಬಹುದೆಂದೂ, ನಡುವೆ 85ರಲ್ಲಿ ನಿಲ್ಲಿಸಿ ಹಂತ ಹಂತವಾಗಿ ಏರಿಸಬೇಕೆಂದೂ ಅವರೇ ಪ್ರಯೋಗ ಮಾಡಿ ತಿಳಿಸಿದರು. ಇಂದಿನ ಕರ್ನೆಲ್‌ಗಳಿಗೆ ಆ ಮಾಡ್ಯೂಲನ್ನು ತಿದ್ದಿ ಕಂಪೈಲ್ ಮಾಡಿಕೊಳ್ಳಬೇಕಾಗುತ್ತದೆ. ನನ್ನ ಅಭಿಪ್ರಾಯದಲ್ಲಿ ಬರವಣಿಗೆಗೆ ಇದರ ಅಗತ್ಯವಿಲ್ಲ. 630ರಲ್ಲಿ ಕೀಲಿ ಒತ್ತಿದ ತಕ್ಷಣ ಅಕ್ಷರ ಮೂಡುತ್ತದೆ, ಅಂಗೈಯ ಕೆಳಗಿನ ಬಿಸಿಯೂ ತಡೆದುಕೊಳ್ಳುವಂತಿರುತ್ತದೆ.

ರ‍್ಯಾಮ್ ಹೆಚ್ಚಿಸುವುದನ್ನು ಮಾತ್ರ ಎಲ್ಲರೂ ಮಾಡಲೇಬೇಕು. ಮೂಲದಲ್ಲಿ ಇರುವುದು 512 ಮೆಗಾಬೈಟ್, ಒಂದೇ ಒಂದು ಡಿಡಿಆರ್2 ಸ್ಲಾಟ್. ಹಳೆಯ ಲ್ಯಾಪ್‌ಟಾಪ್‌ಗಳಿಂದ ತೆಗೆದ 2 ಗಿಗಾಬೈಟ್‌ನ ಪಟ್ಟಿ ಹುಬ್ಬಳ್ಳಿಯ ರಿಪೇರಿ ಅಂಗಡಿಗಳ ಡಬ್ಬಿಯಲ್ಲಿ ಹುಡುಕಿದರೆ ಸಿಗುತ್ತದೆ. ತಳಭಾಗದ ಎರಡು ಸ್ಕ್ರೂ ತೆಗೆದರೆ ಮುಚ್ಚಳ ಬರುತ್ತದೆ. ಅವುಗಳಲ್ಲಿ ಒಂದರ ಮೇಲೆ, ತೆಗೆದರೆ ವಾರಂಟಿ ರದ್ದು ಎಂಬ ಚೀಟಿ ಅಂಟಿಸಿದ್ದರು. ಅಮೆರಿಕದಲ್ಲಿ ಆಕ್ಷೇಪ ಬಂದಾಗ, ರ‍್ಯಾಮ್ ಬದಲಿಸಿದ ಮಾತ್ರಕ್ಕೆ ವಾರಂಟಿ ಹೋಗದೆಂದು ಕಂಪನಿಯೇ ಸ್ಪಷ್ಟಪಡಿಸಿತು. ಬಳಕೆದಾರರು ಯಂತ್ರದೊಳಗೆ ಕೈ ಹಾಕುವ ಹಕ್ಕಿಗಾಗಿ ಕೇಳಿದ ಆ ಪ್ರಶ್ನೆ ಈ ಸಮುದಾಯದ ಮೊದಲ ದೊಡ್ಡ ಕೆಲಸವೆಂದು ನಾನು ಎಣಿಸುತ್ತೇನೆ. ಅದೇ ದಿನಗಳಲ್ಲಿ, ಒಳಗಿನ ಲಿನಕ್ಸ್ ಭಾಗಗಳಲ್ಲಿ ಕಂಪನಿ ಮಾಡಿದ ಬದಲಾವಣೆಗಳ ಮೂಲಸಂಕೇತ ಪೂರ್ತಿ ಪ್ರಕಟವಾಗಿಲ್ಲವೆಂದು ಬಳಕೆದಾರರು ಎತ್ತಿ ತೋರಿಸಿದರು. ಆಮೇಲೆ ಅದೂ ಪ್ರಕಟವಾಯಿತು.

ಕೀಬೋರ್ಡಿನ ಮೇಲಂಚಿನಲ್ಲಿರುವ ಮೂರು ಕೊಕ್ಕೆಗಳನ್ನು ಚಪ್ಪಟೆ ಮೊನೆಯಿಂದ ಹಿಂದಕ್ಕೆ ತಳ್ಳಿ ಮೆಲ್ಲಗೆ ಎತ್ತಿದರೆ ಅದರಡಿಯ ರಿಬ್ಬನ್ ಕೇಬಲ್ ಕಾಣುತ್ತದೆ, ಅದನ್ನು ಬಿಡಿಸಿ ಕೆಳಗಿನ ಸ್ಕ್ರೂಗಳನ್ನು ತೆಗೆದರೆ ಮದರ್‌ಬೋರ್ಡ್ ತೆರೆದುಕೊಳ್ಳುತ್ತದೆ. ಹವ್ಯಾಸಿಗಳ ನಿಜವಾದ ಆಟ ಶುರುವಾದದ್ದು ಇಲ್ಲಿ. ಅವರು ಪರದೆಯ ಮೇಲೆ ತೆಳುವಾದ ಸ್ಪರ್ಶ ಹಾಳೆ ಕೂರಿಸಿದರು, ಬ್ಲೂಟೂತ್, ಜಿಪಿಎಸ್, ಪೆನ್‌ಡ್ರೈವ್‌ಗಳ ಪ್ಲಾಸ್ಟಿಕ್ ಕವಚ ಸುಲಿದು ಒಳಗಿನ ಖಾಲಿ ಜಾಗಗಳಲ್ಲಿ ಹುದುಗಿಸಿ, ಅವಕ್ಕೆಲ್ಲ ಒಂದು ಪುಟ್ಟ ಯುಎಸ್‌ಬಿ ಹಬ್ ಬೆಸೆದರು. ಯುಎಸ್‌ಬಿ ತಂತಿಗಳು ಎಲ್ಲಿ ಸಿಗುತ್ತವೆ ಎಂಬುದನ್ನು ಒಳಗೆ ಚಿಕ್ಕ ಕಾರ್ಡ್ ಕೂರಿಸುವ ಮಿನಿ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟಿನ 36 ಮತ್ತು 38ನೆಯ ಪಿನ್‌ಗಳವರೆಗೆ ಗುರುತಿಸಿದರು. ಆ ಸ್ಲಾಟ್ ಕೊಡುವುದು 3.3 ವೋಲ್ಟ್, ಯುಎಸ್‌ಬಿ ಸಾಧನಗಳು ಬೇಡುವುದು 5 ವೋಲ್ಟ್. ಆದ್ದರಿಂದ ವಿದ್ಯುತ್ತನ್ನು ಬೋರ್ಡಿನ ಬೇರೆ ಜಾಗದಿಂದ ತರಬೇಕೆಂಬ ಎಚ್ಚರಿಕೆಯೂ ಅವರ ಟಿಪ್ಪಣಿಗಳಲ್ಲಿದೆ. ಹೊಸದಾಗಿ ಕೈ ಹಾಕುವವರ ಬೋರ್ಡ್ ಸುಡದಂತೆ ಉಳಿಸುವುದು ಇಂಥ ಒಂದು ಸಾಲಿನ ಎಚ್ಚರಿಕೆ.

ಈ ಮಾರ್ಪಾಡುಗಳಲ್ಲಿ ಎಲ್ಲವೂ ಈಗ ಮಾಡತಕ್ಕವಲ್ಲ. ಸ್ಪರ್ಶ ಹಾಳೆ ಪರದೆಯ ಹೊಳಪು ಕುಂದಿಸುತ್ತದೆ, ಒತ್ತಕ್ಷರಗಳನ್ನು ಮೊದಲೇ ಕಷ್ಟಪಟ್ಟು ಓದುವ ಪರದೆಗೆ ಅದು ಬೇಡ. ಜಿಪಿಎಸ್ ಪ್ರತಿಯೊಬ್ಬರ ಫೋನಿನಲ್ಲಿದೆ. ಬ್ಲೂಟೂತ್ ಬೇಕೆನಿಸಿದರೆ ಹೊರಗಿನಿಂದಲೇ ಚುಚ್ಚಲು ಮೂರು ಯುಎಸ್‌ಬಿ ಕಿಂಡಿಗಳಿವೆ. ಆ ಕಾಲದ ಮಾರ್ಪಾಡುಗಳಲ್ಲಿ ಅನೇಕವು ಇಂದು ಉಪಯೋಗಕ್ಕೆ ಬಾರದಿದ್ದರೂ, ಅವನ್ನು ಮಾಡುತ್ತ ಅವರು ಬೋರ್ಡಿನ ಇಂಚಿಂಚನ್ನೂ ಪರೀಕ್ಷಿಸಿ ದಾಖಲಿಸಿದ್ದು ಇಂದಿನ ರಿಪೇರಿಗೆ ನೇರವಾಗಿ ನೆರವಾಗುತ್ತಿದೆ. ನನ್ನ ಯಂತ್ರದ ಚಾರ್ಜರ್ ಕಿಂಡಿ ವಯಸ್ಸಾಗಿ ಸಡಿಲಗೊಂಡಿತ್ತು. ಹುಬ್ಬಳ್ಳಿಯ ಕೊಪ್ಪಿಕರ ರಸ್ತೆಯ ಸಮೀಪ ಮೊಬೈಲ್ ರಿಪೇರಿ ಮಾಡುವವರೊಬ್ಬರು ಆ ದಾಖಲೆಯ ಚಿತ್ರವನ್ನು ಫೋನಿನಲ್ಲಿ ಹಿಗ್ಗಿಸಿ ನೋಡಿ, ಬೋರ್ಡನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು, “ಇದರಾಗ ಜಾಗಾ ಭಾಳ ಐತ್ರಿ ಸರ, ಈಗಿನ ಫೋನಿನಂಗ ಇಕ್ಕಟ್ಟಿಲ್ಲ” ಎಂದು ಹಳೆಯ ಬೆಸುಗೆಯನ್ನು ಹೀರಿ ತೆಗೆದು ಹೊಸದಾಗಿ ಬೆಸೆದುಕೊಟ್ಟರು. ಈ ಲ್ಯಾಪ್‌ಟಾಪಿನ ಹೆಸರನ್ನೇ ಕೇಳಿರದವರಿಗೂ ಅದನ್ನು ಸರಿಪಡಿಸಲು ಸಾಧ್ಯವಾದದ್ದು ಆ ದಾಖಲೆಯಿಂದಲೇ.

ಬ್ಯಾಟರಿಯೂ ಇದೇ ರೀತಿ ಊರಿನಲ್ಲಿಯೇ ಬಗೆಹರಿಯುವ ಕೆಲಸ. ಹಳೆಯ ಪ್ಯಾಕ್‌ಗಳೆಲ್ಲ ಈಗ ಸತ್ತಿರುತ್ತವೆ ಎಂದೇ ತಿಳಿದು ಯಂತ್ರವನ್ನು ಕೊಳ್ಳಬೇಕು. ಒಳಗೆ 18650 ಗಾತ್ರದ ನಾಲ್ಕು ಸೆಲ್‌ಗಳು, ಎರಡೆರಡರ ಜೋಡಿಯಾಗಿ 7.4 ವೋಲ್ಟ್ ಕೊಡುತ್ತವೆ. ವಿದ್ಯುತ್ ಸ್ಕೂಟರ್‌ಗಳ ಬ್ಯಾಟರಿ ರಿಪೇರಿ ಮಾಡುವವರ ಬಳಿ ಇದೇ ಸೆಲ್‌ಗಳೂ, ನಿಕ್ಕಲ್ ಪಟ್ಟಿಯನ್ನು ಕೂಡಿಸುವ ಸ್ಪಾಟ್ ವೆಲ್ಡಿಂಗ್ ಯಂತ್ರವೂ ಇರುತ್ತವೆ. ಸೆಲ್‌ಗಳ ಮೇಲೆ ಕಾವಿನಿಂದ ಬೆಸುಗೆ ಹಾಕಲು ಬಿಡಬೇಡಿ, ಆ ಶಾಖಕ್ಕೆ ಸೆಲ್ ಕೆಡುತ್ತದೆ. ನಾಲ್ಕೂ ಸೆಲ್ ಒಂದೇ ಕಂಪನಿಯ, ಒಂದೇ ಸಾಮರ್ಥ್ಯದವಾಗಿರಲಿ, ಕೂಡಿಸುವ ಮೊದಲು ನಾಲ್ಕರ ವೋಲ್ಟೇಜ್ ಸಮವಾಗಿದೆಯೇ ಎಂದು ಮೀಟರ್ ಹಿಡಿದು ತೋರಿಸಲು ಕೇಳಿ. ಪ್ಲಾಸ್ಟಿಕ್ ಕವಚವನ್ನು ಅಂಚಿನ ಉದ್ದಕ್ಕೂ ತಾಳ್ಮೆಯಿಂದ ಬಿಡಿಸಿದರೆ ಅದೇ ಕವಚ ಮತ್ತೆ ಬಳಕೆಗೆ ಬರುತ್ತದೆ.

ತಂತ್ರಾಂಶದ ಮಟ್ಟಿಗೆ, ಮೊದಲಿಗೆ ಬಂದಿದ್ದ ಕ್ಸಾಂಡ್ರೋಸ್ ಲಿನಕ್ಸ್ ತನ್ನ ಕಾಲಕ್ಕೆ ಜಾಣತನದ ಕೆಲಸವಾಗಿತ್ತು. ಮೂಲ ವ್ಯವಸ್ಥೆಯನ್ನು ಓದಲು ಮಾತ್ರ ಬರುವ ಒಂದು ವಿಭಾಗದಲ್ಲಿಟ್ಟು, ಬಳಕೆದಾರರ ಬದಲಾವಣೆಗಳನ್ನು ಅದರ ಮೇಲೆ ಇನ್ನೊಂದು ಪದರವಾಗಿ ಹಾಸಲಾಗಿತ್ತು. ಏನೇ ಕೆಟ್ಟರೂ ಶುರುವಾಗುವಾಗ ಎಫ್9 ಒತ್ತಿ ಕಾರ್ಖಾನೆಯ ಸ್ಥಿತಿಗೆ ಮರಳಬಹುದಿತ್ತು. ಇದರ ಇನ್ನೊಂದು ಪರಿಣಾಮವೆಂದರೆ, ಬೇಡವಾದ ತಂತ್ರಾಂಶಗಳನ್ನು ಅಳಿಸಿದರೂ ಕೆಳಪದರದಲ್ಲಿ ಅವು ಹಾಗೆಯೇ ಉಳಿದು, ಒಂದಿಷ್ಟೂ ಜಾಗ ಬಿಡುವಾಗುತ್ತಿರಲಿಲ್ಲ. ಇಂದು ಅದನ್ನು ಉಳಿಸಿಕೊಳ್ಳುವುದು ಸುರಕ್ಷತೆಯ ದೃಷ್ಟಿಯಿಂದ ಸರಿಯಲ್ಲ. ಪ್ರೊಸೆಸರ್ 32 ಬಿಟ್‌ನದಾದ್ದರಿಂದ ಆಯ್ಕೆಗಳು ಕಡಿಮೆ. 32 ಬಿಟ್ ಪಿಸಿಗಳಿಗೆ ಅನುಸ್ಥಾಪಕ ಕೊಟ್ಟ ಕೊನೆಯ ಡೆಬಿಯನ್ 2023ರ 12ನೆಯ ಆವೃತ್ತಿ, 2025ರ 13ರಲ್ಲಿ ಅದಿಲ್ಲ. ಆವೃತ್ತಿ 12ರಲ್ಲಿಯೂ ಪಿಎಇ (32 ಬಿಟ್ ಪ್ರೊಸೆಸರ್ 4 ಗಿಗಾಬೈಟ್‌ಗಿಂತ ಹೆಚ್ಚು ಮೆಮೊರಿ ಬಳಸುವ ಸೌಲಭ್ಯ) ಬೇಡದ ಕರ್ನೆಲನ್ನೇ ಆರಿಸಿಕೊಳ್ಳಬೇಕು, ಏಕೆಂದರೆ ಆ ಸೌಲಭ್ಯವಿದೆಯೆಂದು ಈ ಸೆಲೆರಾನ್ ತೋರಿಸಿಕೊಳ್ಳುವುದಿಲ್ಲ. ಆಂಟಿಎಕ್ಸ್ ಎಂಬ ಹಗುರ ಲಿನಕ್ಸ್ ಕೂಡ ಇದಕ್ಕೆ ಒಗ್ಗುತ್ತದೆ.

ವ್ಯವಸ್ಥೆಯನ್ನು ಒಳಗಿನ 4 ಗಿಗಾಬೈಟ್‌ನಲ್ಲಿ, ಬರಹಗಳನ್ನು ಎಸ್‌ಡಿ ಕಾರ್ಡಿನಲ್ಲಿ ಇಡುವುದು ನನಗೆ ಸರಿಕಂಡ ಕ್ರಮ. ಕಾರ್ಡಿನಿಂದಲೇ ಇಡೀ ವ್ಯವಸ್ಥೆಯನ್ನು ನಡೆಸಲು ಸಾಧ್ಯವಿದೆ, ಶುರುವಾಗುವಾಗ ಎಸ್ಕೇಪ್ ಒತ್ತಿದರೆ ಆಯ್ಕೆಯ ಪಟ್ಟಿ ಬರುತ್ತದೆ. ಆದರೆ ಕಾರ್ಡ್ ರೀಡರ್ ಒಳಗೆ ಯುಎಸ್‌ಬಿ ಮೂಲಕ ಕೂಡಿರುವುದರಿಂದ, ಮುಚ್ಚಳ ಮುಚ್ಚಿ ಯಂತ್ರವನ್ನು ಮಲಗಿಸಿದಾಗ ಅದರ ಸಂಪರ್ಕ ತಪ್ಪಿ, ಎಚ್ಚರವಾದ ಮೇಲೆ ವ್ಯವಸ್ಥೆಗೆ ತನ್ನ ಡಿಸ್ಕೇ ಸಿಗದಂತಾಗುವ ತೊಂದರೆ ಈ ಯಂತ್ರದಲ್ಲಿ ಹಳೆಯದು. ಬಸ್ಸಿನಲ್ಲಿ ಮುಚ್ಚಿ ತೆರೆದು ಬಳಸುವವರಿಗೆ ಇದು ದೊಡ್ಡ ಅಡ್ಡಿ. ವೈಫೈ ಚಿಪ್ ಅಥೆರೋಸ್ ಕಂಪನಿಯದು, ಅದರ ಮುಕ್ತ ಚಾಲಕ ತಂತ್ರಾಂಶ ಲಿನಕ್ಸ್ ಕರ್ನೆಲ್‌ನಲ್ಲಿಯೇ ಇರುವುದರಿಂದ ಬೇರೇನೂ ಹುಡುಕಬೇಕಾಗಿಲ್ಲ. ಅದು 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಮಾತ್ರ ಕೆಲಸ ಮಾಡುತ್ತದೆ, ಫೋನಿನ ಹಾಟ್‌ಸ್ಪಾಟನ್ನು 5 ಗಿಗಾಹರ್ಟ್ಸ್‌ನಲ್ಲಿ ಇಟ್ಟಿದ್ದರೆ ಹೆಸರೇ ಕಾಣುವುದಿಲ್ಲ.

ಉಪನ್ಯಾಸಗಳಿಗೆ ಹೋಗಿ ಟಿಪ್ಪಣಿ ಮಾಡುವವರಿಗೆ, ಕಥೆ ಲೇಖನಗಳ ಮೊದಲ ಕರಡು ಬರೆಯುವವರಿಗೆ, ಎಲೆಕ್ಟ್ರಾನಿಕ್ಸ್ ಓದುತ್ತ ಬೆಸುಗೆಯ ಕೈ ಪಳಗಿಸಿಕೊಳ್ಳಬೇಕೆಂಬ ವಿದ್ಯಾರ್ಥಿಗಳಿಗೆ 701 ಸರಿಯಾದ ಯಂತ್ರ. ಒಂದೇ ಕಂಪ್ಯೂಟರಿನಲ್ಲಿ ಎಲ್ಲ ಕೆಲಸವೂ ಆಗಬೇಕೆನ್ನುವವರಿಗೆ ಇದು ತಕ್ಕುದಲ್ಲ. ಕೊಳ್ಳುವಾಗ ಪರದೆಯನ್ನು ಮೆಲ್ಲಗೆ ಹಿಂದೆ ಮುಂದೆ ಆಡಿಸಿ ಚಿತ್ರ ಮಿನುಗುತ್ತದೆಯೇ ನೋಡಿ, ಪ್ರತಿ ಕೀಲಿಯನ್ನೂ ಒತ್ತಿ ನೋಡಿ, ಎಸ್‌ಡಿ ಕಾರ್ಡ್ ಹಾಕಿ ಅದು ಓದುತ್ತದೆಯೇ ಪರೀಕ್ಷಿಸಿ. ಮುಖ್ಯವಾಗಿ ಚಾರ್ಜರ್‌ನ ಬೆನ್ನ ಮೇಲಿನ ಚೀಟಿ ಓದಿ. 701ಕ್ಕೆ ಬೇಕಾದದ್ದು 9.5 ವೋಲ್ಟ್. ಇದೇ ಸಾಲಿನ ಮುಂದಿನ 900 ಮತ್ತು 901 ಮಾದರಿಗಳದು 12 ವೋಲ್ಟ್, ಹಳೆಯ ಸಾಮಾನಿನ ರಾಶಿಯಲ್ಲಿ ಇವು ಕಲೆತಿರುವ ಸಂಭವ ಹೆಚ್ಚು. ಸರಿಯಾದ ಚಾರ್ಜರ್ ಸಮೇತ, ಪರದೆ ಮತ್ತು ಕೀಬೋರ್ಡ್ ಚೆನ್ನಾಗಿರುವ 701ಕ್ಕೆ ಎರಡು ಸಾವಿರ ರೂಪಾಯಿಯವರೆಗೆ ಕೊಡಬಹುದು. ಬ್ಯಾಟರಿ ಸತ್ತಿದ್ದರೆ ನಾಲ್ಕು ಸೆಲ್‌ಗಳ ಮತ್ತು ಅವನ್ನು ಕೂಡಿಸುವ ಕೂಲಿಯ ಖರ್ಚನ್ನು ಅದರಲ್ಲಿಯೇ ಕಳೆದುಕೊಡಲು ಕೇಳಿ.